ಇಬ್ಬರು ಸಾಕ್ಷಿಗಳು ಬೇಕು

ವಿಚ್ಛೇದನಕ್ಕೆ ಅರ್ಜಿ ಹಾಕುವ ಮೊದಲು ಮದುವೆಯಾಗಿದೆಯೆಂದು ತೋರಿಸಬೇಕು ಎಂದು ವಕೀಲೆ ಹೇಳಿದಾಗ ಅವಳಿಗೆ ನಗು ಬಂತು. ಇಪ್ಪತ್ತಮೂರು ವರ್ಷ ಒಬ್ಬನೇ ಗಂಡನ ಜೊತೆ ಒಂದೇ ಅಂಗಡಿ, ಒಂದೇ ಮನೆ ಎಂದು ಸವೆದ ಮೇಲೂ ಮದುವೆಯಾದದ್ದಕ್ಕೆ ಕಾಗದ ತೋರಿಸು ಎಂದರೆ ನಗದೆ ಇನ್ನೇನು ಮಾಡುವುದು?

ವಕೀಲೆ ನಗಲಿಲ್ಲ. ಅವಳಿಗೆ ಹೆಚ್ಚೆಂದರೆ ಮೂವತ್ತು ವರ್ಷ. ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಕೆಳಗೆ ಯಂತ್ರ ಓಡಿದಾಗಲೆಲ್ಲ ಮೇಜಿನ ಮೇಲಿನ ಪೆನ್ನುಗಳು ಸಣ್ಣಗೆ ನಡುಗುತ್ತಿದ್ದವು. ಮದುವೆ ಎಲ್ಲಿ ಆಯಿತು, ನೋಂದಣಿ ಮಾಡಿಸಿದ್ದೀರಾ ಎಂದು ಕೇಳಿದಳು. ಮದುವೆ ಅಣ್ಣನ ಮನೆಯಲ್ಲಿ ಮೂವತ್ತು ಜನರ ಮುಂದೆ ಆಗಿತ್ತು. ನೋಂದಣಿ ಮಾಡಿಸಬೇಕೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ನಾಲ್ಕು ಫೋಟೋಗಳಿದ್ದವು, ಎರಡರಲ್ಲಿ ಗಂಡನ ತಲೆ ಅರ್ಧಕ್ಕೆ ಕತ್ತರಿಸಿ ಹೋಗಿತ್ತು.

“ಫೋಟೋ ಸಾಲಲ್ಲ,” ಎಂದಳು ವಕೀಲೆ. “ಹಳೇ ಮದುವೆನ ಈಗ್ಲೂ ನೋಂದಣಿ ಮಾಡಿಸಬಹುದು. ನೀವಿಬ್ಬರೂ ಹೋಗ್ಬೇಕು. ಮದುವೆ ದಿನ ಅಲ್ಲೇ ಇದ್ದವರು ಇಬ್ಬರು ಸಾಕ್ಷಿಗಳು ಬೇಕು. ನಿಮ್ಮ ಕಡೆಯಿಂದ ಒಬ್ಬರು, ಅವರ ಕಡೆಯಿಂದ ಒಬ್ಬರು. ಆ ಸರ್ಟಿಫಿಕೇಟು ತಂದ್ಕೊಡಿ, ಮಾರನೇ ದಿನವೇ ಅರ್ಜಿ ಬರೆಯೋಕೆ ಕೂರ್ತೀನಿ.”

ಅವಳು ಮೆಟ್ಟಿಲಿಳಿಯುತ್ತ ತನ್ನ ಕಡೆಯವರನ್ನು ಮನಸ್ಸಿನಲ್ಲೇ ಹುಡುಕಿದಳು. ಅಪ್ಪ ಮದುವೆಗೆ ಮೊದಲೇ ತೀರಿಹೋಗಿದ್ದ. ಅಮ್ಮ ಹೋಗಿ ಆರು ವರ್ಷವಾಗಿತ್ತು. ಉಳಿದವನು ಅಣ್ಣ ಒಬ್ಬನೇ. ಆ ಅಣ್ಣ ಅವಳ ಜೊತೆ ಮಾತು ಬಿಟ್ಟೂ ಆರು ವರ್ಷವಾಗಿತ್ತು.

ಅವಳ ಗಂಡನನ್ನು ಬೀದಿಯವರೆಲ್ಲ ‘ಡಾಕ್ಟ್ರು’ ಎಂದೇ ಕರೆಯುತ್ತಿದ್ದರು. ಅವನು ಡಾಕ್ಟರಲ್ಲ. ಕಣ್ಣಿನ ಪವರ್ ನೋಡುವ ಒಂದು ವರ್ಷದ ತರಬೇತಿ ಮುಗಿಸಿ ಕನ್ನಡಕದ ಅಂಗಡಿ ಹಾಕಿದ್ದ, ಅಷ್ಟೆ. ಆದರೆ ಮೈಮೇಲೆ ಬಿಳಿ ಕೋಟು ಇತ್ತು, ಬಾಯಲ್ಲಿ ಒಳ್ಳೆ ಮಾತಿತ್ತು. ಎಂಥ ಸಿಡುಕು ಮೋರೆಯವರನ್ನೂ ಕುರ್ಚಿಯಲ್ಲಿ ಕೂರಿಸಿ ಎರಡೇ ಮಾತಿಗೆ ನಗಿಸಿಬಿಡುತ್ತಿದ್ದ. ಕನ್ನಡಕ ಬೇಕಿಲ್ಲದವರೂ ದಾರಿಯಲ್ಲಿ ಹೋಗುತ್ತ ಒಂದು ನಿಮಿಷ ನಿಂತು ಅವನ ಜೊತೆ ಹರಟಿ ಹೋಗುತ್ತಿದ್ದರು.

ಅವಳಿರುತ್ತಿದ್ದುದು ಹಿಂದಿನ ಕೋಣೆಯಲ್ಲಿ. ಕಾರ್ಖಾನೆಯಿಂದ ದುಂಡಗೆ ಬರುವ ಲೆನ್ಸನ್ನು ತಿರುಗುವ ಕಲ್ಲಿಗೆ ಹಿಡಿದು, ಅಂಚು ಸವೆಸಿ, ಫ್ರೇಮಿನ ಆಕಾರಕ್ಕೆ ತಂದು ಕೂರಿಸುವುದು ಅವಳ ಕೆಲಸ. ಕಲ್ಲಿನ ಮೇಲೆ ನೀರು ಹನಿಯುತ್ತಲೇ ಇರಬೇಕು, ಇಲ್ಲದಿದ್ದರೆ ಲೆನ್ಸು ಕಾದು ಚೂರೇಳುತ್ತದೆ. ಇಪ್ಪತ್ತಮೂರು ವರ್ಷ ಆ ನೀರಿನಲ್ಲಿ ನೆನೆದು ಅವಳ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಕಲ್ಲು ತಿರುಗುವ ಸದ್ದಿಗೆ ಹೊರಗಿನ ಮಾತು ಒಳಗೆ ಕೇಳಿಸುತ್ತಿರಲಿಲ್ಲ. ನೀರು, ಗಾಜಿನ ಪುಡಿ ತಾಗಬಾರದೆಂದು ಅವಳ ಫೋನು ಕೂಡ ಮುಂದಿನ ಕೌಂಟರಿನ ಡ್ರಾಯರಿನಲ್ಲೇ ಇರುತ್ತಿತ್ತು.

ವಕೀಲೆಯನ್ನು ಕಾಣುವ ಹಿಂದಿನ ದಿನ ಒಬ್ಬ ನಿವೃತ್ತ ಟೀಚರು ಹೊಸ ಕನ್ನಡಕವನ್ನು ವಾಪಸು ತಂದರು. ಹಾಕಿಕೊಂಡರೆ ನೆಲ ಓರೆಯಾಗಿ ಕಾಣುತ್ತದೆ, ಮನೆಯ ಮೆಟ್ಟಿಲಲ್ಲಿ ಮುಗ್ಗರಿಸಿದೆ ಎಂದರು. ಗಂಡ ಅವಳನ್ನು ಹೊರಗೆ ಕರೆದ. ಒದ್ದೆ ಕೈಯಲ್ಲೇ ಬಂದು ನಿಂತವಳನ್ನು ತೋರಿಸಿ, ಏನು ಮಾಡುವುದು ಟೀಚರ್, ಇವಳು ಅರ್ಧ ನಿದ್ದೆಯಲ್ಲೇ ಲೆನ್ಸ್ ಉಜ್ಜುತ್ತಾಳೆ, ನಿದ್ದೆ ಕಣ್ಣಿನವರ ಕೈಗೆ ಕನ್ನಡಕ ಕೊಟ್ಟದ್ದೇ ನನ್ನ ತಪ್ಪು ಎಂದ. ಟೀಚರು ನಕ್ಕುಬಿಟ್ಟರು. ಪಕ್ಕದಲ್ಲಿ ಕಾಯುತ್ತಿದ್ದವರೂ ನಕ್ಕರು.

ಅವಳು ಒಳಗೆ ಹೋಗಿ ಹಳೆಯ ಚೀಟಿಗಳ ಗೊಂಚಲಿನಿಂದ ಟೀಚರ ಚೀಟಿ ಹುಡುಕಿ ತೆಗೆದಳು. ಲೆನ್ಸನ್ನು ಯಾವ ಕೋನಕ್ಕೆ ಕೂರಿಸಬೇಕೆಂದು ಬರೆಯುವ ಜಾಗದಲ್ಲಿ ತಪಾಸಣೆಯ ಪುಸ್ತಕದಲ್ಲಿದ್ದ ನೂರ ಎಂಬತ್ತರ ಬದಲು ಎಂಬತ್ತು ಎಂದಿತ್ತು. ಬರೆದವನು ಅವನೇ. ಅಂಗಡಿ ಖಾಲಿಯಾದ ಮೇಲೆ ಅವಳು ಅದನ್ನು ಅವನ ಮುಂದಿಟ್ಟಳು. ಅವನು ನೋಡಿದ, ಕೋಪ ಮಾಡಿಕೊಳ್ಳಲಿಲ್ಲ. ಗಿರಾಕಿಗೆ ಪವರ್ ವಿವರಿಸುವಷ್ಟೇ ಸಮಾಧಾನದಿಂದ ವಿವರಿಸಿದ.

“ನನ್ನ ತಪ್ಪು ಅಂದ್ರೆ ನಾಳೆ ಯಾರು ಬಂದು ಈ ಕುರ್ಚೀಲಿ ಕೂರ್ತಾರೆ? ನಿನ್ನ ತಪ್ಪು ಅಂದ್ರೆ ಏನ್ ಹೋಗುತ್ತೆ? ನಿನ್ನನ್ನ ಯಾರು ನೋಡ್ತಾರೆ?”

ಇಂಥದ್ದು ಅದೇ ಮೊದಲಲ್ಲ. ನೂರನೆಯದೋ ಇನ್ನೂರನೆಯದೋ ಇರಬೇಕು. ಅಷ್ಟನ್ನೂ ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ಆ ದಿನ ಮಾತ್ರ ಆಗಲಿಲ್ಲ. ಯಾಕೆ ಎಂದು ಅವಳನ್ನು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಟೀಚರ ಕನ್ನಡಕವನ್ನು ಮತ್ತೊಮ್ಮೆ ಸರಿಯಾಗಿ ಮಾಡಿಟ್ಟು, ಕಲ್ಲು ನಿಲ್ಲಿಸಿ, ಕೈ ಒರೆಸಿಕೊಂಡು, ಮಾರನೆಯ ದಿನ ಮಧ್ಯಾಹ್ನ ಜೆರಾಕ್ಸ್ ಅಂಗಡಿಯ ಮೇಲಿನ ಬೋರ್ಡು ನೋಡಿಕೊಂಡು ಮೆಟ್ಟಿಲು ಹತ್ತಿದಳು.

ಗಂಡನಿಗೆ ಅವಳು ಏನನ್ನೂ ಮುಚ್ಚಿಡಲಿಲ್ಲ. ಬಿಡುಗಡೆ ಬೇಕು, ಅದಕ್ಕೆ ಅರ್ಜಿ ಹಾಕುತ್ತೇನೆ, ಅದಕ್ಕೆ ಮೊದಲು ಮದುವೆ ನೋಂದಣಿಯಾಗಬೇಕು, ನೀವು ಬಂದು ಸಹಿ ಮಾಡಬೇಕು ಎಂದಳು. ಅವನು ಬಗ್ಗಿ ಶೂ ಹಾಕಿಕೊಳ್ಳುತ್ತಿದ್ದವನು ಹಾಗೆಯೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಹತ್ತು ದಿನ ಹಾರಾಡಿ ಸುಮ್ಮನಾಗುತ್ತಾಳೆಂದು ಅವನ ಲೆಕ್ಕ. ಬಿಟ್ಟು ಹೋದರೆ ಎಲ್ಲಿಗೆ ಹೋಗುತ್ತಾಳೆ ಎಂಬುದೂ ಅವನ ಲೆಕ್ಕದಲ್ಲಿತ್ತು. ಖಂಡಿತ ಬರುತ್ತೇನೆ, ಅಕ್ಕನನ್ನೂ ಸಾಕ್ಷಿಗೆ ಕರೆತರುತ್ತೇನೆ ಎಂದ. ಆ ವಾರವೆಲ್ಲ ಅಂಗಡಿಗೆ ಬಂದವರಿಗೆ ಅದೇ ಸುದ್ದಿ: ನನ್ನನ್ನು ಬಿಡುವುದಕ್ಕೋಸ್ಕರ ನನ್ನನ್ನೇ ಇನ್ನೊಮ್ಮೆ ಮದುವೆಯಾಗುತ್ತಾಳಂತೆ.

ಬೇರೆ ಊರಿನಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿದ್ದ ಮಗಳಿಗೆ ಅವಳು ಫೋನಿನಲ್ಲಿ ಹೇಳಿದಳು. ಮಗಳು, ಅದು ನಿಮ್ಮಿಬ್ಬರ ವಿಷಯ ಅಮ್ಮ, ನನ್ನನ್ನು ಮಧ್ಯಕ್ಕೆ ಎಳೆಯಬೇಡಿ ಎಂದಳು. ಆಮೇಲೆ, ಅಪ್ಪ ಊಟಕ್ಕೆ ಏನು ಮಾಡಿಕೊಳ್ಳುತ್ತಾರೆ ಎಂದು ಕೇಳಿದಳು.

ಇನ್ನು ಅಣ್ಣ. ಅಣ್ಣ ಸೋಫಾ ರಿಪೇರಿ ಮಾಡುವವನು. ಹಳೆಯ ಬಟ್ಟೆ ಕಿತ್ತು, ಸ್ಪ್ರಿಂಗ್ ಬಿಗಿದು, ಸ್ಪಂಜು ಹಾಕಿ, ರೆಕ್ಸಿನ್ ಹೊದಿಸಿ ಸಣ್ಣ ಮೊಳೆ ಹೊಡೆಯುತ್ತಾನೆ. ಹೊಡೆಯುವಾಗ ಏಳೆಂಟು ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುತ್ತಾನೆ. ಮಾತಾಡಲು ಇಷ್ಟವಿಲ್ಲದ ದಿನ ಬಾಯಲ್ಲಿ ಮೊಳೆ ಜಾಸ್ತಿ ಇರುತ್ತವೆ ಎಂದು ಅತ್ತಿಗೆ ತಮಾಷೆ ಮಾಡುತ್ತಿದ್ದುದುಂಟು.

ಅಣ್ಣನ ಸಿಟ್ಟಿಗೆ ಕಾರಣ ತನಗೆ ಗೊತ್ತು ಎಂದೇ ಅವಳು ಅಂದುಕೊಂಡಿದ್ದಳು. ಅಮ್ಮ ಅಣ್ಣನ ಮನೆಯಲ್ಲಿದ್ದಳು. ಅವನ ಮನೆಯ ಚಾವಣಿ ರಿಪೇರಿಗೆ ಬಂದಾಗ ಎರಡು ತಿಂಗಳು ಅಮ್ಮನನ್ನು ಇಟ್ಟುಕೊಳ್ಳಲು ಕೇಳಿದ್ದ. ಡಾಕ್ಟ್ರಿಗೆ ಇಷ್ಟವಿರಲಿಲ್ಲ, ಅವಳು ಆಗುವುದಿಲ್ಲ ಎಂದಿದ್ದಳು. ಅದಾದ ಕೆಲವೇ ತಿಂಗಳಿಗೆ ಅಮ್ಮ ತೀರಿಕೊಂಡಳು. ಅಂದು ಸಂಜೆ ಅವಳು ಗಂಡನ ಜೊತೆ ಓಡಿಬಂದಾಗ ಅಣ್ಣ ಬಾಗಿಲಲ್ಲಿ ನಿಂತು, “ಈಗ ಬಿಡುವಾಯ್ತಾ?” ಎಂದು ಕೇಳಿದ್ದ. ಅದೊಂದೇ ಮಾತು. ಅದು ಆ ಎರಡು ತಿಂಗಳಿಗೆ ಕೊಟ್ಟ ಪೆಟ್ಟು ಎಂದು ತಿಳಿದು ಅವಳು ತಲೆ ತಗ್ಗಿಸಿದ್ದಳು. ಅಲ್ಲಿಂದ ಇಲ್ಲಿಗೆ ಅವನೂ ಮಾತಾಡಲಿಲ್ಲ, ಅವಳೂ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಅವಳು ಹೋದಾಗ ಅಣ್ಣ ಮನೆಯ ಮುಂದಿನ ಶೆಡ್ಡಿನಲ್ಲಿ ಮೂರು ಜನ ಕೂರುವ ಸೋಫಾವನ್ನು ಮಗುಚಿ ಹಾಕಿಕೊಂಡು ಕೆಲಸ ಮಾಡುತ್ತಿದ್ದ. ಬಾಯಿ ತುಂಬ ಮೊಳೆ. ಅವಳನ್ನು ನೋಡಿ ಒಂದು ಕ್ಷಣ ಸುತ್ತಿಗೆ ನಿಂತಿತು, ಮತ್ತೆ ಹೊಡೆಯತೊಡಗಿತು. ಅತ್ತಿಗೆ ಒಳಗಿನಿಂದ ಸ್ಟೂಲು ತಂದು ಹಾಕಿ, ಒಂದು ಲೋಟ ನೀರು ಕೊಟ್ಟು ಅಲ್ಲೇ ನಿಂತಳು. ಅವಳು ಬಂದ ವಿಷಯವನ್ನು ಸೋಫಾಗೇ ಹೇಳುವಂತೆ ಹೇಳಿದಳು. ಬಿಡುಗಡೆ, ವಕೀಲೆ, ನೋಂದಣಿ, ಸಾಕ್ಷಿ.

ಅಣ್ಣ ಮೊಳೆಗಳನ್ನು ಅಂಗೈಗೆ ಉಗಿದುಕೊಂಡ.

“ಅಮ್ಮ ಕಣ್ಣು ಬಿಟ್ಕೊಂಡು ಕಾಯ್ತಿದ್ದಾಗ ಬರೋಕಾಗಲಿಲ್ಲ ನಿಂಗೆ. ಈಗ ಸಹಿ ಬೇಕು, ಎರಡು ಬಸ್ ಹತ್ಕೊಂಡು ಬಂದಿದ್ದೀಯ.”

ತಾನು ಬಂದಾಗ ಅಮ್ಮ ಆಗಲೇ ಹೋಗಿಬಿಟ್ಟಿದ್ದಳಲ್ಲ, ಸುದ್ದಿ ಗೊತ್ತಾದ ಕೂಡಲೇ ಹೊರಟಿದ್ದೆನಲ್ಲ ಎಂದು ಅವಳು ಹೇಳಿದಳು.

“ಗೊತ್ತಾದ ಕೂಡ್ಲೇ? ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಮಾಡಿದ್ದೀನಿ ನಾನು. ನಿನ್ನ ಫೋನಿಗೇ ಮಾಡಿದ್ದು. ಭಾವ ಎತ್ತಿದ್ರು. ಒಳಗೆ ಹೋಗಿ ನಿನ್ನನ್ನ ಕೇಳ್ಕೊಂಡು ಬಂದು ಹೇಳಿದ್ರು. ಅರ್ಜೆಂಟ್ ಕೆಲಸ ಇದೆಯಂತೆ, ಮುಗಿಸ್ಕೊಂಡು ಸಂಜೆ ಬರ್ತಾಳಂತೆ ಅಂತ.”

ಅವಳಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಒಂದು ಕಾರ್ಖಾನೆಯ ಕೆಲಸಗಾರರಿಗೆಲ್ಲ ಕಣ್ಣಿನ ತಪಾಸಣೆಯಾಗಿ ನೂರ ಇಪ್ಪತ್ತು ಜೊತೆ ಕನ್ನಡಕ ಆ ಸಂಜೆಯೊಳಗೆ ಹೋಗಬೇಕಿತ್ತು. ಬೆಳಗಿನಿಂದ ಅವಳು ಕಲ್ಲಿನ ಮುಂದಿನಿಂದ ಎದ್ದಿರಲಿಲ್ಲ. ಹತ್ತು ಗಂಟೆಗೆ ಗಂಡ ತಾನೇ ಟೀ ತಂದು ಪಕ್ಕದಲ್ಲಿಟ್ಟಿದ್ದ. ಎಂದೂ ಇಲ್ಲದ ಆ ಟೀ ಕುಡಿದು ಅವಳಿಗೆ ಒಂದಿಷ್ಟು ಸಂತೋಷವೂ ಆಗಿತ್ತು. ಆರು ಗಂಟೆಗೆ ಕೊನೆಯ ಡಬ್ಬಿ ಮುಚ್ಚಿದ ಮೇಲೆ ಒಳಗೆ ಬಂದು, ನಿಮ್ಮಣ್ಣ ಈಗ ಫೋನ್ ಮಾಡಿದ್ದ, ಅಮ್ಮನಿಗೆ ಜೋರಾಗಿದೆಯಂತೆ, ಹೊರಡು ಎಂದಿದ್ದ.

“ಅಣ್ಣ, ನಂಗೆ ಹೇಳಿದ್ದೇ ಸಂಜೆ ಆರಕ್ಕೆ,” ಎಂದಳು.

ಅಣ್ಣ ಅಂಗೈಯ ಮೊಳೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ. ಎಲ್ಲ ಹಾಕಿ ಮುಗಿದ ಮೇಲೂ ಕೈ ಡಬ್ಬಿಯ ಮೇಲೆಯೇ ಇತ್ತು.

“ನಾನು ಆವತ್ತೇ ಹೇಳಿದ್ದೆ,” ಎಂದಳು ಅತ್ತಿಗೆ, ಗಂಡನ ಮುಖ ನೋಡದೆ. “ಅವಳ ಬಾಯಿಂದ ಒಂದ್ಸಲ ಕೇಳಿ ನೋಡಿ ಅಂತ. ಆಮೇಲೂ ಎಷ್ಟು ಸಲ ಹೇಳಿದೆ.”

ಅಮ್ಮ ಏನಾದರೂ ಕೇಳಿದಳಾ ಎಂದು ಅವಳು ಅಣ್ಣನನ್ನು ಕೇಳಿದಳು. ಕೇಳಬಾರದಿತ್ತು, ಆದರೆ ಕೇಳಿದಳು. ಅಣ್ಣ ಸುಳ್ಳು ಹೇಳುವವನಲ್ಲ. ಅಮ್ಮ ಹನ್ನೊಂದು ಗಂಟೆಗೆ ಒಮ್ಮೆ, ಒಂದು ಗಂಟೆಗೆ ಒಮ್ಮೆ, ಬಂದಳಾ ಎಂದು ಕೇಳಿದ್ದಳು. ಎರಡನೆಯ ಸಲ ಅವನಿಗೆ ರೇಗಿತ್ತು. ಅವಳಿಗೆ ಕೆಲಸ ಇದೆಯಂತೆ ಅಮ್ಮ, ಬರಲ್ಲ ಎಂದುಬಿಟ್ಟಿದ್ದ. ಅಮ್ಮ ಮತ್ತೆ ಕೇಳಲಿಲ್ಲ. ಎರಡೂಕಾಲಿಗೆ ಹೋಗಿಬಿಟ್ಟಳು. ಆ ಸಿಟ್ಟಿನಲ್ಲಿ ಅವನು ಮತ್ತೆ ಫೋನು ಮಾಡಿರಲಿಲ್ಲ.

ಅವಳು ಲೋಟದ ನೀರನ್ನು ಪೂರ್ತಿ ಕುಡಿದು ಕೆಳಗಿಟ್ಟಳು. ಅಳು ಬರಲಿಲ್ಲ. ಸಾಕ್ಷಿಗೆ ಬರುತ್ತೀಯಾ ಎಂದು ಇನ್ನೊಮ್ಮೆ ಕೇಳಿದಳು. ಬರುತ್ತೇನೆ ಎಂದ ಅಣ್ಣ, ಆ ಮನುಷ್ಯನ ಕುತ್ತಿಗೆ ಪಟ್ಟಿ ಹಿಡಿದು ಕೇಳುವುದಕ್ಕಾದರೂ ಬರುತ್ತೇನೆ ಎಂದ.

ಬಸ್ ನಿಲ್ದಾಣದಿಂದ ಅವಳು ವಕೀಲೆಗೆ ಫೋನು ಮಾಡಿದಳು. ವಕೀಲೆ ಎಲ್ಲ ಕೇಳಿ, ಸರ್ಟಿಫಿಕೇಟು ಕೈಗೆ ಬರುವ ತನಕ ಒಂದಕ್ಷರ ಬಾಯಿ ಬಿಡಬೇಡಿ ಎಂದು ಖಡಾಖಂಡಿತವಾಗಿ ಹೇಳಿದಳು. ಗಂಡ ಸಿಟ್ಟಾಗಿ ಸಹಿ ಮಾಡದಿದ್ದರೆ ಕೆಲಸ ಕೆಡುತ್ತದೆ, ನಿಮ್ಮಣ್ಣನಿಗೂ ಹೇಳಿ ಎಂದಳು. ಅವಳು ಅಣ್ಣನಿಗೆ ಫೋನು ಮಾಡಿದಳು. ಆರು ವರ್ಷದ ಮೇಲೆ ಅವನಿಗೆ ಮಾಡಿದ ಮೊದಲ ಫೋನು ಬಾಯಿ ಮುಚ್ಚಿಕೊಂಡಿರು ಎಂದು ಹೇಳಲು.

ಹನ್ನೊಂದು ದಿನ ಅವಳು ಆ ಮಾತನ್ನು ನುಂಗಿಕೊಂಡಿದ್ದಳು. ಅದೇ ಅಡುಗೆ, ಅದೇ ಕಲ್ಲು, ಅದೇ ನೀರು. ಗಂಡ ಮುಂದಿನ ಕೋಣೆಯಲ್ಲಿ ಯಾರನ್ನೋ ನಗಿಸುವುದು ಕಲ್ಲು ನಿಲ್ಲಿಸಿದಾಗ ಕೇಳುತ್ತಿತ್ತು. ಒಂದು ಬೆಳಿಗ್ಗೆ ಅವನು ತಾನಾಗಿಯೇ ಟೀ ತಂದುಕೊಟ್ಟ, ರಾಜಿಗೆ ಬಂದವನಂತೆ. ಅವಳು ಅದನ್ನು ಕಲ್ಲಿನ ಕೆಳಗಿನ ಬಕೆಟ್ಟಿಗೆ ಸುರಿದು, ಲೋಟ ತೊಳೆದಿಟ್ಟಳು.

ನೋಂದಣಿ ಕಚೇರಿಯಲ್ಲಿ ಎರಡು ಸಾಲು ಬೆಂಚುಗಳಿದ್ದವು. ಹೊಸ ಬಟ್ಟೆ ತೊಟ್ಟ ಜೋಡಿಗಳು, ಅವರ ಗೆಳೆಯರು, ಕ್ಯಾಮೆರಾ ಹಿಡಿದ ಒಬ್ಬ. ಅವರ ನಡುವೆ ಇವರು ನಾಲ್ವರು. ಗಂಡನ ಅಕ್ಕ ದೂರದಿಂದ ಬಂದಿದ್ದಳು. ಅವಳಿಗೆ ತಮ್ಮ ನಿಜ ಹೇಳಿರಲಿಲ್ಲ. ಯಾವುದೋ ಸರ್ಕಾರಿ ಕಾಗದಕ್ಕೆ ಬೇಕು ಎಂದಷ್ಟೇ ಹೇಳಿದ್ದ. ಅಕ್ಕ ಅವಳ ಕೈ ಹಿಡಿದುಕೊಂಡು, ಇಷ್ಟು ವರ್ಷವಾದ ಮೇಲಾದರೂ ಮಾಡಿಸುತ್ತಿದ್ದೀರಲ್ಲ, ಒಳ್ಳೆಯದಾಯಿತು ಎಂದಳು. ಅಣ್ಣ ಬೆಂಚಿನ ತುದಿಯಲ್ಲಿ ಕೂತು, ಅದರ ಹರಿದ ರೆಕ್ಸಿನ್ನನ್ನು ಹೆಬ್ಬೆರಳಿನಿಂದ ಒಳಗೆ ತುರುಕುತ್ತಿದ್ದ. ಡಾಕ್ಟ್ರು ಅವನ ಭುಜ ತಟ್ಟಿ, “ಏನ್ ಭಾವ, ಅಂತೂ ಸಿಟ್ಟು ಇಳೀತಾ?” ಎಂದ. ಅಣ್ಣ ತಲೆ ಎತ್ತಲಿಲ್ಲ.

ಇವರ ಸರದಿ ಬಂತು. ಗುಮಾಸ್ತ ದಪ್ಪ ಪುಸ್ತಕ ತೆರೆದು ಮದುವೆಯ ತಾರೀಖು ಬರೆದುಕೊಂಡವನು ಕನ್ನಡಕದ ಮೇಲಿಂದ ನೋಡಿ, ಇಪ್ಪತ್ತಮೂರು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದ.

“ಗ್ಯಾರಂಟಿ ನೋಡ್ತಿದ್ದೆ ಸಾರ್, ಬಾಳಿಕೆ ಬರುತ್ತೋ ಇಲ್ವೋ ಅಂತ,” ಎಂದ ಡಾಕ್ಟ್ರು.

ಗುಮಾಸ್ತ ನಕ್ಕ. ಹಿಂದಿದ್ದ ಜೋಡಿಗಳೂ ನಕ್ಕವು. ಅಕ್ಕ ನಕ್ಕಳು. ಅಣ್ಣನ ತುಟಿಯ ಕೊನೆಯೂ ಒಂದು ಎಳೆಯಷ್ಟು ಮೇಲೆದ್ದು, ತಂಗಿ ನೋಡುತ್ತಿದ್ದಾಳೆಂದು ತಿಳಿದು, ಮತ್ತೆ ಕೆಳಗಿಳಿಯಿತು. ಅವಳಿಗೆ ಅದು ಎದ್ದು ಹೊರಗೆ ಹೋಗುವಷ್ಟು ಚುಚ್ಚಿತು. ಆದರೆ ಕೂತಳು.

ನಮೂನೆಯಲ್ಲಿ ಇಬ್ಬರೂ ಇಂದಿಗೂ ಗಂಡ ಹೆಂಡತಿಯಾಗಿ ಬಾಳುತ್ತಿದ್ದೀರಾ ಎಂಬ ಪ್ರಶ್ನೆಯಿತ್ತು. ಗುಮಾಸ್ತ ಅದನ್ನು ಇಬ್ಬರ ಬಾಯಿಂದಲೂ ಕೇಳಬೇಕಿತ್ತು. ಗಂಡ ಹೌದೆಂದ. ಅವಳೂ ಹೌದೆಂದಳು. ಇಬ್ಬರೂ ಸಹಿ ಮಾಡಿದರು, ಸಾಕ್ಷಿಗಳು ಸಹಿ ಮಾಡಿದರು, ಹೆಬ್ಬೆರಳು ಒತ್ತಿದರು. ಇಪ್ಪತ್ತು ನಿಮಿಷಕ್ಕೆ ಸರ್ಟಿಫಿಕೇಟು ಬಂತು. ಗುಮಾಸ್ತ ಎದ್ದು ನಿಂತು ಗಂಡನ ಕೈ ಕುಲುಕಿ ಶುಭಾಶಯ ಹೇಳಿದ. ಅವಳು ಕಾಗದವನ್ನು ಮಡಿಸದೆ ಪ್ಲಾಸ್ಟಿಕ್ ಫೈಲಿನೊಳಗೆ ಸರಿಸಿ, ಫೈಲನ್ನು ಬ್ಯಾಗಿಗೆ ಹಾಕಿ, ಜಿಪ್ ಎಳೆದಳು.

ಹೊರಗಿನ ಮೆಟ್ಟಿಲ ಮೇಲೆ ಬಂದ ಕೂಡಲೇ ಅಣ್ಣ ಗಂಡನ ಎದುರು ಅಡ್ಡ ನಿಂತ. ಅವನು ಬಾಯಿ ತೆರೆಯುವ ಮೊದಲೇ ಅವಳು ಕೇಳಿಬಿಟ್ಟಳು. ಅಮ್ಮ ಹೋದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಫೋನು ಬಂದದ್ದನ್ನು ನನಗೆ ಯಾಕೆ ಹೇಳಲಿಲ್ಲ?

ಗಂಡ ಒಮ್ಮೆ ಅವಳನ್ನು, ಒಮ್ಮೆ ಅಣ್ಣನನ್ನು ನೋಡಿದ. ಇಲ್ಲ ಎನ್ನುತ್ತಾನೆ, ಏನಾದರೂ ಕತೆ ಕಟ್ಟುತ್ತಾನೆ ಎಂದು ಅವಳು ಕಾದಿದ್ದಳು. ಅವನು ಕತೆ ಕಟ್ಟಲಿಲ್ಲ.

“ಹೇಳಿದ್ರೆ ಏನ್ ಮಾಡ್ತಿದ್ದೆ? ಬಿಟ್ಟು ಓಡ್ತಿದ್ದೆ. ನೂರಿಪ್ಪತ್ತು ಜೊತೆ ನಾನು ಉಜ್ಜಬೇಕಿತ್ತಾ? ಆ ಆರ್ಡರ್ ಕೈತಪ್ಪಿದ್ರೆ ಅಂಗಡಿಯೇ ಇರ್ತಿರ್ಲಿಲ್ಲ. ಅದಕ್ಕೆ ಮುಂಚೆ ಎರಡು ಸಲ ಹಿಂಗೇ ಹೋಗೇಬಿಡ್ತಾರೆ ಅಂದಿದ್ರು, ಹೋಗಿರ್ಲಿಲ್ಲ. ಈ ಸಲವೂ ಸಂಜೆವರೆಗೆ ಇರ್ತಾರೆ ಅಂದ್ಕೊಂಡೆ.”

“ನಮ್ಮಮ್ಮ ಹೋದಾಗ ನೀನು ಹದಿನೈದು ದಿನ ಅಂಗಡಿ ತೆಗೀಲಿಲ್ವಲ್ಲೋ,” ಎಂದಳು ಅಕ್ಕ. ಅವಳ ದನಿ ತೀರಾ ಸಣ್ಣಗಿತ್ತು.

“ಅದು ಬೇರೆ ಅಕ್ಕ.”

ಅಕ್ಕ ಮೆಟ್ಟಿಲ ಮೇಲೆ ಹಾಗೆಯೇ ಕೂತುಬಿಟ್ಟಳು. ಅಣ್ಣ ಮುಂದೆ ನುಗ್ಗಿ ಗಂಡನ ಅಂಗಿಯ ಎದೆ ಹಿಡಿದ. ಒಳಗಿನಿಂದ ಬರುತ್ತಿದ್ದ ಹೊಸ ಜೋಡಿಯೊಂದು ಪಕ್ಕಕ್ಕೆ ಸರಿಯಿತು. ಡಾಕ್ಟ್ರು ಕೈ ಬಿಡಿಸಿಕೊಳ್ಳಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತ ಕೇಳಿದ.

“ನಾನು ಹೇಳಿದ್ದು ಒಂದು ಸುಳ್ಳು ಭಾವ, ಒಂದು ದಿನದ ಸುಳ್ಳು. ನಿಮಗೆ ಆರು ವರ್ಷ ಇತ್ತು. ಒಂದು ಮಾತು ಅವಳನ್ನ ಕೇಳಬಹುದಿತ್ತಲ್ಲ? ತಂಗಿ ಅಂಥವಳೇ ಅಂತ ನೀವು ನಂಬಿದ್ರಿ. ನಂಬಿ ಅಂತ ನಾನೇನು ಬಲವಂತ ಮಾಡಿದ್ನಾ?”

ಅಣ್ಣನ ಕೈ ಸಡಿಲವಾಯಿತು. ಅವನು ಅವಳ ಕಡೆ ತಿರುಗಿದ, ಅಲ್ಲ ಎಂದು ಹೇಳು ಎನ್ನುವಂತೆ. ಅವಳು ಹೇಳಲಿಲ್ಲ. ಈ ಇಪ್ಪತ್ತಮೂರು ವರ್ಷದಲ್ಲಿ ಗಂಡ ಆಡಿದ ಮಾತುಗಳಲ್ಲಿ ಎಷ್ಟು ನಿಜವೋ ಅವಳಿಗೆ ಗೊತ್ತಿರಲಿಲ್ಲ, ಆದರೆ ಇದು ನಿಜ. ಅದನ್ನು ಅವನ ಬಾಯಿಂದ ಕೇಳಬೇಕಾಯಿತಲ್ಲ ಎಂಬುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಕಹಿಯಾಗಿತ್ತು. ಅವಳು ಬ್ಯಾಗನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು, ಯಾರಿಗೂ ಕಾಯದೆ, ಮೊದಲು ಬಂದ ಬಸ್ಸು ಹತ್ತಿ ಹೊರಟಳು. ಅದು ಬೇರೆ ದಿಕ್ಕಿಗೆ ಹೋಗುವ ಬಸ್ಸು ಎಂದು ಮೂರು ನಿಲ್ದಾಣ ದಾಟಿದ ಮೇಲೆ ತಿಳಿಯಿತು.

ಆ ಮನೆಯಲ್ಲಿ ಅವಳು ಮತ್ತೆ ಮಲಗಲಿಲ್ಲ. ಊರಿನ ಹತ್ತಾರು ಕನ್ನಡಕದಂಗಡಿಗಳಿಗೆ ಲೆನ್ಸ್ ಉಜ್ಜಿಕೊಡುವ ದೊಡ್ಡ ವರ್ಕ್‌ಶಾಪ್ ಒಂದಿತ್ತು. ಅದರ ಮಾಲೀಕಳಿಗೆ ಅವಳ ಕೈಕೆಲಸ ಮೊದಲಿನಿಂದಲೂ ಗೊತ್ತಿತ್ತು. ಕೇಳಿದ ದಿನವೇ ಬಾ ಎಂದಳು. ಅದರ ಹಿಂದಿನ ಬೀದಿಯಲ್ಲೇ ಒಂದು ಕೋಣೆಯೂ ಸಿಕ್ಕಿತು. ಡಾಕ್ಟ್ರು ತನ್ನ ಹಿಂದಿನ ಕೋಣೆಗೆ ಹೊಸಬನೊಬ್ಬನನ್ನು ಇಟ್ಟುಕೊಂಡನಂತೆ. ಬಂದವರ ಮುಂದೆಲ್ಲ, ಹೆಂಡತಿ ಹೋದದ್ದಕ್ಕಿಂತ ಇವನು ಒಡೆಯುವ ಲೆನ್ಸಿಗೇ ಹೆಚ್ಚು ಅಳು ಬರುತ್ತದೆ ಎನ್ನುತ್ತಿದ್ದನಂತೆ. ಜನ ನಗುತ್ತಿದ್ದರಂತೆ.

ವಕೀಲೆ ಅರ್ಜಿ ಬರೆದಳು. ಟೀಚರ ಕನ್ನಡಕದಂಥ ಸಂಗತಿಗಳು ಒಂದು ಪುಟಕ್ಕೆ ಬಂದವು. ಅಮ್ಮ ಹೋದ ದಿನದ ಸಂಗತಿಗೆ ಅಣ್ಣನ ಹೇಳಿಕೆ ಬೇಕೆಂದಳು, ಪ್ರಮಾಣ ಮಾಡಿ ಸಹಿ ಮಾಡಿದ್ದು. ಅಣ್ಣ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕುರ್ಚಿಯ ಅಂಚಿನಲ್ಲಿ ಕೂತು, ವಕೀಲೆ ಕೊಟ್ಟ ಎರಡು ಪುಟವನ್ನು ತುಟಿ ಅಲ್ಲಾಡಿಸುತ್ತ ಓದಿದ. ಒಂಬತ್ತೂವರೆಗೆ ನಾನು ಫೋನ್ ಮಾಡಿದೆನು. ಆಕೆಯ ಗಂಡ ಹೀಗೆ ಉತ್ತರಿಸಿದರು. ಇದನ್ನು ನಂಬಿ ನಾನು ತಾಯಿಗೆ, ಮಗಳು ಕೆಲಸವಿರುವುದರಿಂದ ಬರುವುದಿಲ್ಲವೆಂದು ತಿಳಿಸಿದೆನು. ಅಲ್ಲಿಗೆ ಬಂದು ಅವನ ಬೆರಳು ನಿಂತಿತು. ಆ ಒಂದು ಸಾಲು ತೆಗೆಯಲಾಗುತ್ತದೆಯೇ ಎಂದು ಕೇಳಿದ. ವಕೀಲೆ ಅವಳ ಮುಖ ನೋಡಿದಳು. ಅವಳು, ಬೇಡ, ಇರಲಿ ಎಂದಳು.

“ಅವನ ಜೊತೆ ನನ್ನನ್ನೂ ಕಟಕಟೆ ಹತ್ತಿಸ್ತಿದ್ದೀಯಾ?”

“ನಡೆದಿದ್ದು ಬರೆಸ್ತಿದ್ದೀನಿ ಅಣ್ಣ.”

“ಅಮ್ಮನಿಗೆ ಹಾಗೆ ಹೇಳಿದ್ದಕ್ಕೆ ನಂಗೇನು ಸಂಕಟ ಇಲ್ಲ ಅಂದ್ಕೊಂಡಿದ್ದೀಯಾ?”

ಇದೆ ಎಂದು ಅವಳಿಗೆ ಗೊತ್ತಿತ್ತು. ಅಂಗಿಯೊಳಗೆ ಅವನ ಭುಜಗಳು ಹದಿನೈದು ದಿನದಲ್ಲೇ ಇಳಿದುಹೋಗಿದ್ದವು. ಒಂದು ಸಮಾಧಾನದ ಮಾತು ನಾಲಿಗೆಯ ತುದಿಯವರೆಗೂ ಬಂತು. ಆದರೆ ಅಲ್ಲಿಂದ ಮುಂದೆ ಬರಲಿಲ್ಲ. ಅಣ್ಣ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದ. ಕೆಳಗೆ ಜೆರಾಕ್ಸ್ ಯಂತ್ರ ಓಡಿತು, ನಿಂತಿತು, ಮತ್ತೆ ಓಡಿತು. ಕೊನೆಗೆ ಎರಡೂ ಪುಟಕ್ಕೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿಟ್ಟು, ಅವಳು ಏಳುವುದನ್ನು ಕಾಯದೆ ಇಳಿದು ಹೋದ.

ಅಣ್ಣನ ಮೇಲೆ ಹಾಕುವುದಕ್ಕೂ ಯಾವುದಾದರೂ ಅರ್ಜಿ ಇದೆಯೇ ಎಂದು ಅವಳು ವಕೀಲೆಯನ್ನು ಕೇಳಿದಳು. ತಮಾಷೆ ಎಂದುಕೊಂಡು ವಕೀಲೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕಾಗದಗಳನ್ನು ಜೋಡಿಸತೊಡಗಿದಳು.

ಮಂಗಳವಾರ ಹನ್ನೊಂದು ಗಂಟೆಗೆ ಕೋರ್ಟಿನ ಮೂರನೆಯ ಕಿಟಕಿಯಲ್ಲಿ ಅರ್ಜಿ ಒಳಗೆ ಹೋಯಿತು. ಕಿಟಕಿಯವಳು ಪುಟ ಎಣಿಸಿ, ಮುದ್ರೆ ಒತ್ತಿ, ಒಂದು ನಂಬರು ಬರೆದುಕೊಟ್ಟಳು. ಗಂಡನಿಗೆ ನೋಟಿಸು ಹೋಗುತ್ತದೆ, ನಾಲ್ಕು ತಿಂಗಳ ಮೇಲೆ ಮೊದಲ ವಿಚಾರಣೆ ಎಂದಳು. ಮನಸ್ಸು ಹಗುರವಾಗಬಹುದು ಎಂದು ಅವಳು ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ ಎಂಬುದು ನೆನಪಾಯಿತು, ಅಷ್ಟೆ.

ವರ್ಕ್‌ಶಾಪಿಗೆ ಹೋಗುವ ದಾರಿಯಲ್ಲಿ ಅತ್ತಿಗೆಯ ಫೋನು ಬಂತು. ಅಣ್ಣ ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ, ಕೆಲಸಕ್ಕೆ ಕೂರುತ್ತಿಲ್ಲ, ಕೇಳಿದರೆ ಅವಳಿಗೆ ನನ್ನ ಮೇಲೆ ಕೋಪ ಎಂದಷ್ಟೇ ಹೇಳುತ್ತಾರೆ ಎಂದಳು. ಅವಳು ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತಳು.

“ಕೋಪ ಇಲ್ಲ ಅಂತ ಹೇಳಿ ಅತ್ತಿಗೆ.”

ಅತ್ತಿಗೆ, ನಿಜವಾಗಿಯೂ ಇಲ್ಲವಾ ಎಂದು ಕೇಳಿದಳು.

“ಇದೆ. ಆದ್ರೂ ಇಲ್ಲ ಅಂತ್ಲೇ ಹೇಳಿ. ಊಟ ಮಾಡ್ಲಿ.”